ದೂರ ಎಲ್ಲಿಂದ ಎಲ್ಲಿಗೆ, ಅವಧಿ ಯಾವಾಗಿನಿಂದ ಯಾವಾಗಿನವರೆಗೆ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಯುರೋಪಿನ ಪ್ರಮುಖ ನಗರಗಳ ನಡುವಿನ ದೂರವನ್ನೂ ವಿಮಾನ ಪ್ರಯಾಣದ ಅವಧಿಯನ್ನೂ ತಿಳಿಸುವ ಕೋಷ್ಟಕವೊಂದು ಪ್ರಕಟವಾಗಿದೆ. ಅದರ ಮೊದಲ ಸಾಲು ‘ಲಂಡನ್–ಪ್ಯಾರಿಸ್: 344 ಕಿ.ಮೀ., 56 ನಿಮಿಷ’ ಎಂದಿದೆ. ಈ ಎರಡು ಸಂಖ್ಯೆಗಳಲ್ಲಿ ಮೊದಲನೆಯದನ್ನು ತಪ್ಪೆನ್ನಲಾಗದು. ಎರಡನೆಯದು ಮಾತ್ರ ಯಾವ ವೇಳಾಪಟ್ಟಿಯಲ್ಲೂ ಸಿಗುವಂಥದ್ದಲ್ಲ. ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳವನ್ನು ಬೋಧಿಸಿದವನು ನಾನು. ಇಂತಹ ಕೋಷ್ಟಕಗಳನ್ನು ನಂಬಿ ಪ್ರವಾಸದ ಯೋಜನೆ ಹಾಕಿಕೊಳ್ಳುವ ಓದುಗರು ಬಹಳ ಮಂದಿ ಇರುವುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

56 ನಿಮಿಷ ಎಲ್ಲಿಂದ ಬಂತೆಂಬುದನ್ನು ಊಹಿಸುವುದು ಕಷ್ಟವಲ್ಲ. 344 ಕಿ.ಮೀ. ದೂರವನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದರೆ ಸುಮಾರು 26 ನಿಮಿಷ ಬರುತ್ತದೆ. ಏರುವುದಕ್ಕೆ ಮತ್ತು ಇಳಿಯುವುದಕ್ಕೆಂದು ಅದಕ್ಕೆ ಅರ್ಧ ಗಂಟೆ ಕೂಡಿಸಿದರೆ 56. ಕೋಷ್ಟಕದ ಉಳಿದ ಸಾಲುಗಳನ್ನೂ ನಾನು ಇದೇ ಸೂತ್ರದಿಂದ ಪರೀಕ್ಷಿಸಿ ನೋಡಿದೆ. ಎಲ್ಲವೂ ಒಂದು ನಿಮಿಷವೂ ತಪ್ಪದೆ ಹೊಂದಿಕೊಂಡವು. ಅಂದರೆ ನೀವು ಪ್ರಕಟಿಸಿದ ಕೋಷ್ಟಕದಲ್ಲಿ ಎರಡು ಮಾಹಿತಿಗಳಿಲ್ಲ, ಒಂದೇ ಮಾಹಿತಿ ಎರಡು ವೇಷದಲ್ಲಿದೆ. ದೂರ ಗೊತ್ತಿದ್ದವನಿಗೆ ಅವಧಿಯ ಅಂಕಣ ಹೊಸದಾಗಿ ಏನನ್ನೂ ತಿಳಿಸುವುದಿಲ್ಲ.

ವಾಸ್ತವವಾಗಿ ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ನಿಲ್ದಾಣಕ್ಕೆ ವಿಮಾನ ಸಂಸ್ಥೆಗಳು ವೇಳಾಪಟ್ಟಿಯಲ್ಲಿ ಇಡುವ ಅವಧಿ ಸುಮಾರು ಒಂದೂಕಾಲು ಗಂಟೆ. ವಿಮಾನ ಗಾಳಿಯಲ್ಲಿ ಇರುವುದು ಮುಕ್ಕಾಲು ಗಂಟೆಯ ಆಸುಪಾಸು ಮಾತ್ರ. ಉಳಿದ ಸಮಯ ನೆಲದ ಮೇಲೆ ಕಳೆಯುತ್ತದೆ. ವಾಯುಯಾನದವರು ಇಡೀ ಅವಧಿಯನ್ನು ‘ಬ್ಲಾಕ್ ಟೈಮ್’ ಎನ್ನುತ್ತಾರೆ: ನಿಂತ ವಿಮಾನ ಜರುಗದಂತೆ ಚಕ್ರಗಳಿಗೆ ಕೊಟ್ಟ ಅಡ್ಡತುಂಡನ್ನು ತೆಗೆದು ವಿಮಾನ ಗೇಟಿನಿಂದ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದ ಗೇಟಿಗೆ ಬಂದು ಮತ್ತೆ ನಿಲ್ಲುವ ಕ್ಷಣದವರೆಗಿನ ಕಾಲ ಅದು. ಹೀಥ್ರೂನಂತಹ ನಿಲ್ದಾಣದಲ್ಲಿ ಗೇಟಿನಿಂದ ರನ್‌ವೇ ತುದಿಗೆ ತಲುಪಿ, ಮುಂದಿರುವ ವಿಮಾನಗಳು ಏರಿದ ನಂತರ ತನ್ನ ಸರದಿ ಬರುವವರೆಗೆ ಕಾಯುವುದಕ್ಕೇ ಕಾಲು ಗಂಟೆ, ಇಪ್ಪತ್ತು ನಿಮಿಷ ಹಿಡಿಯುವುದು ಸಾಮಾನ್ಯ. ಪ್ಯಾರಿಸ್ಸಿನಿಂದ ಲಂಡನ್ನಿಗೆ ಬರುವಾಗ ಇಳಿಯುವ ಮೊದಲು ಬೋವಿಂಗ್ಡನ್, ಲ್ಯಾಂಬೋರ್ನ್, ಬಿಗಿನ್, ಆಕ್‌ಹ್ಯಾಮ್ ಎಂಬ ನಾಲ್ಕು ತಾಣಗಳಲ್ಲಿ ಯಾವುದಾದರೊಂದರ ಮೇಲೆ ವಿಮಾನ ಸುತ್ತು ಹಾಕುತ್ತಾ ಸರದಿ ಕಾಯಬೇಕಾಗಬಹುದು. ಈ ಕಾಯುವಿಕೆಗೂ ಎರಡು ನಗರಗಳ ನಡುವಿನ ದೂರಕ್ಕೂ ಸಂಬಂಧವೇ ಇಲ್ಲ. ಅದು ನಿಲ್ದಾಣದ ಜನದಟ್ಟಣೆಗೂ ರನ್‌ವೇಗಳ ಸಂಖ್ಯೆಗೂ ಸಂಬಂಧಿಸಿದ್ದು. ಆದ್ದರಿಂದ ದೂರ ಕಡಿಮೆಯಾದಷ್ಟೂ ಸೂತ್ರದ ಲೆಕ್ಕ ವಾಸ್ತವದಿಂದ ಹೆಚ್ಚು ದೂರ ಸರಿಯುತ್ತದೆ. ಲಿಸ್ಬನ್–ಹೆಲ್ಸಿಂಕಿಯಂತಹ ಸುಮಾರು 3,360 ಕಿ.ಮೀ. ಹಾದಿಯಲ್ಲಿ ಇಪ್ಪತ್ತು ನಿಮಿಷದ ವ್ಯತ್ಯಾಸ ದೊಡ್ಡದಲ್ಲ. ಲಂಡನ್–ಪ್ಯಾರಿಸ್ ನಡುವೆ ಅದು ಇಡೀ ಅವಧಿಯ ಕಾಲುಭಾಗಕ್ಕಿಂತ ಹೆಚ್ಚು.

ಇನ್ನು ದೂರದ ವಿಷಯ. 344 ಕಿ.ಮೀ. ಎಂಬುದು ಭೂಗೋಳದ ಮೇಲ್ಮೈಯಲ್ಲಿ ಎರಡು ನಗರಗಳ ಮಧ್ಯಬಿಂದುಗಳನ್ನು ಸೇರಿಸುವ ಮಹಾವೃತ್ತದ ತುಂಡಿನ ಉದ್ದ. ಗ್ಲೋಬಿನ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಸಿಗುವ ದೂರ ಅದು. ಆದರೆ ವಿಮಾನ ನಗರದ ನಡುವಿನಿಂದ ಏರುವುದೂ ಇಲ್ಲ, ನಗರದ ನಡುವಿಗೆ ಇಳಿಯುವುದೂ ಇಲ್ಲ. ಹೀಥ್ರೂ ಲಂಡನ್ನಿನ ಪಶ್ಚಿಮಕ್ಕಿದೆ, ಶಾರ್ಲ್ ದ ಗಾಲ್ ಪ್ಯಾರಿಸ್ಸಿನ ಈಶಾನ್ಯಕ್ಕಿದೆ. ಎರಡೂ ತಮ್ಮ ನಗರಮಧ್ಯದಿಂದ ಇಪ್ಪತ್ತು ಕಿ.ಮೀ.ಗಿಂತ ಆಚೆ. ಈ ನಿಲ್ದಾಣಗಳ ನಡುವಿನ ದೂರ 348 ಕಿ.ಮೀ. ಆಗಿ, ನಗರಗಳ ನಡುವಿನ ದೂರಕ್ಕೆ ಹತ್ತಿರದಲ್ಲಿರುವುದು ಕೇವಲ ಕಾಕತಾಳೀಯ. ಲಂಡನ್ನಿನ ಹೆಸರು ಹೊತ್ತ ವಿಮಾನ ನಿಲ್ದಾಣಗಳೇ ಆರು. ಪ್ಯಾರಿಸ್ಸಿನ ಹೆಸರಿನಲ್ಲಿ ಟಿಕೆಟ್ ಮಾರಾಟವಾಗುವ ಬೋವೇ ನಿಲ್ದಾಣ ಪ್ಯಾರಿಸ್ಸಿನಿಂದ ಎಂಬತ್ತು ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಜರ್ಮನಿಯ ಫ್ರಾಂಕ್‌ಫರ್ಟ್ ಹಾನ್ ನಿಲ್ದಾಣ ಫ್ರಾಂಕ್‌ಫರ್ಟ್ ನಗರದಿಂದ ಸುಮಾರು 120 ಕಿ.ಮೀ., ಸ್ಟಾಕ್‌ಹೋಮ್ ಸ್ಕಾವ್‌ಸ್ಟಾ ನಿಲ್ದಾಣ ಸ್ಟಾಕ್‌ಹೋಮ್‌ನಿಂದ ಸುಮಾರು 100 ಕಿ.ಮೀ. ಆಚೆಗಿವೆ. ಅಗ್ಗದ ಟಿಕೆಟ್ ಹುಡುಕುವ ಪ್ರಯಾಣಿಕ ಇಳಿಯುವುದು ಬಹುಮಟ್ಟಿಗೆ ಇಂತಹ ನಿಲ್ದಾಣಗಳಲ್ಲೇ ಆಗಿರುವುದರಿಂದ, ‘ಪ್ಯಾರಿಸ್’ ಎಂದಷ್ಟೇ ಮುದ್ರಿಸಿದ ಸಾಲು ಅವನಿಗೆ ಉಪಕಾರ ಮಾಡುವುದಿಲ್ಲ.

ನಾನು ಈ ಮಾತನ್ನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಪತ್ನಿಯೊಡನೆ ಲಂಡನ್ನಿನಿಂದ ಪ್ಯಾರಿಸ್ಸಿಗೆ, ಅಲ್ಲಿಂದ ರೈಲಿನಲ್ಲಿ ಲಿಯಾನ್‌ಗೆ ಹೋಗುವುದಿತ್ತು. ರೈಲಿನ ಟಿಕೆಟ್ ಮುಂಚಿತವಾಗಿ ಕೊಂಡರೆ ಅಗ್ಗವೆಂದು ತಿಳಿದು, ವಿಮಾನದ ಟಿಕೆಟ್ಟಿಗಿಂತ ಮೊದಲು ಅದನ್ನೇ ಕೊಂಡೆವು. ಹಾಗೆ ಕೊಳ್ಳುವಾಗ ನಿಮ್ಮ ಕೋಷ್ಟಕದಂಥದ್ದೇ ಒಂದು ಪ್ರವಾಸ ಕೈಪಿಡಿಯಲ್ಲಿದ್ದ ‘ಒಂದು ಗಂಟೆಗಿಂತ ಕಡಿಮೆ’ ಎಂಬ ಮಾತನ್ನು ಆಧಾರವಾಗಿ ಇಟ್ಟುಕೊಂಡಿದ್ದೆವು. ಲಂಡನ್ನಿನ ಗಡಿಯಾರ ಪ್ಯಾರಿಸ್ಸಿನದಕ್ಕಿಂತ ಒಂದು ಗಂಟೆ ಹಿಂದೆ ಇರುವುದನ್ನು ಲೆಕ್ಕಕ್ಕೆ ಹಿಡಿದಿದ್ದೆವು. ಲೆಕ್ಕಕ್ಕೆ ಹಿಡಿಯದೆ ಹೋದದ್ದು ರನ್‌ವೇಗೆ ಹೋಗುವ ಹಾದಿಯಲ್ಲಿ ಕಳೆದ ಇಪ್ಪತ್ತೈದು ನಿಮಿಷ, ಇಳಿದ ಮೇಲೆ ಟರ್ಮಿನಲ್ ತಲುಪಲು ಬೇಕಾದ ಹತ್ತು ನಿಮಿಷ, ಪಾಸ್‌ಪೋರ್ಟ್ ತಪಾಸಣೆಯ ಉದ್ದನೆಯ ಸಾಲು ಮತ್ತು ನಗರದ ಇನ್ನೊಂದು ಮಗ್ಗುಲಿನಲ್ಲಿರುವ ಗಾರ್ ದ ಲಿಯಾನ್ ನಿಲ್ದಾಣಕ್ಕೆ ಎರಡು ರೈಲು ಬದಲಿಸಿ ಹೋಗುವ ಹೊತ್ತು. ನಾವು ಪ್ಲಾಟ್‌ಫಾರ್ಮ್ ತಲುಪುವ ಹೊತ್ತಿಗೆ ನಮ್ಮ ರೈಲು ಹೊರಟು ಅರ್ಧ ಗಂಟೆಯಾಗಿತ್ತು. ಬದಲಾಯಿಸಲಾಗದ ಅಗ್ಗದ ಟಿಕೆಟ್ ಅದಾಗಿದ್ದರಿಂದ ಅದಕ್ಕಿಂತ ಹಲವು ಪಟ್ಟು ಹೆಚ್ಚಿನ ಬೆಲೆ ಕೊಟ್ಟು ಬೇರೆ ಟಿಕೆಟ್ ಕೊಳ್ಳಬೇಕಾಯಿತು. ಹಣಕ್ಕಿಂತ ಹೆಚ್ಚಾಗಿ, ಮಂಡಿನೋವಿನ ನನ್ನ ಪತ್ನಿ ಆ ನಿಲ್ದಾಣದಲ್ಲಿ ಸಂಜೆಯವರೆಗೆ ಕಾದು ಕೂರಬೇಕಾದದ್ದು ಇಂದಿಗೂ ನನ್ನನ್ನು ಕಾಡುತ್ತದೆ.

ಗಡಿಯಾರದ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಲಂಡನ್ನಿನ ಗ್ರೀನಿಚ್ ರೇಖಾಂಶಕ್ಕೂ ಪ್ಯಾರಿಸ್ಸಿನ ರೇಖಾಂಶಕ್ಕೂ ಇರುವ ಅಂತರ ಎರಡು ಡಿಗ್ರಿಗಿಂತ ತುಸು ಹೆಚ್ಚು. ಸೂರ್ಯನ ಲೆಕ್ಕದಲ್ಲಿ ಅದು ಕೇವಲ 9 ನಿಮಿಷ 21 ಸೆಕೆಂಡು. 1911ರಲ್ಲಿ ಫ್ರಾನ್ಸ್ ತನ್ನ ಗಡಿಯಾರವನ್ನು ಸರಿಯಾಗಿ ಇಷ್ಟೇ ಹಿಂದಕ್ಕೆ ಇಟ್ಟು ಗ್ರೀನಿಚ್ ಸಮಯಕ್ಕೆ ಹೊಂದಿಕೊಂಡಿತು. 1940ರಲ್ಲಿ ಜರ್ಮನ್ ಸೇನೆ ಪ್ಯಾರಿಸ್ಸನ್ನು ಆಕ್ರಮಿಸಿದಾಗ ಬರ್ಲಿನ್ನಿನ ಸಮಯವನ್ನು ಅಲ್ಲಿ ಜಾರಿಗೆ ತಂದಿತು. ಯುದ್ಧ ಮುಗಿದ ಮೇಲೂ ಫ್ರಾನ್ಸ್ ಮಧ್ಯ ಯುರೋಪಿನ ಸಮಯದಲ್ಲೇ ಉಳಿಯಿತು. ಅದರ ಪರಿಣಾಮವಾಗಿ ಇಂದು ಬೆಳಿಗ್ಗೆ 9ಕ್ಕೆ ಲಂಡನ್ನಿನಿಂದ ಹೊರಟವನ ಟಿಕೆಟ್ಟಿನಲ್ಲಿ ತಲುಪುವ ಸಮಯ 10.15ರ ಬದಲು 11.15 ಎಂದೂ, ಪ್ಯಾರಿಸ್ಸಿನಿಂದ 9ಕ್ಕೆ ಹೊರಟವನ ಟಿಕೆಟ್ಟಿನಲ್ಲಿ 9.15 ಎಂದೂ ಇರುತ್ತದೆ. ಒಂದೇ ಹಾದಿಯನ್ನು ಒಬ್ಬನು ಎರಡೂಕಾಲು ಗಂಟೆಯಲ್ಲೂ ಇನ್ನೊಬ್ಬನು ಕಾಲು ಗಂಟೆಯಲ್ಲೂ ಕ್ರಮಿಸಿದಂತೆ ತೋರುವ ಈ ಅಂಕಿಗಳ ಎದುರು, ‘ಎರಡೂ ಕಡೆ ಸ್ಥಳೀಯ ಸಮಯ’ ಎಂಬ ಒಂದು ಸಾಲನ್ನು ಕೋಷ್ಟಕದ ಅಡಿಯಲ್ಲಿ ಮುದ್ರಿಸುವುದು ಅಗತ್ಯವೆಂದು ನನಗೆ ಅನ್ನಿಸುತ್ತದೆ.

ದೂರ ಎಂದರೇನು, ತಲುಪುವುದು ಎಂದರೇನು ಎಂಬ ಪ್ರಶ್ನೆಗಳು ಶಾಲಾ ಮಾಸ್ತರನ ಹಟದಂತೆ ಕೆಲವರಿಗೆ ಕಾಣಬಹುದು. ಆದರೆ ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ಒಕ್ಕೂಟದ ನ್ಯಾಯಾಲಯವೇ ಈ ಎರಡೂ ಪ್ರಶ್ನೆಗಳನ್ನು ವಿಚಾರಣೆಗೆ ಎತ್ತಿಕೊಂಡು ತೀರ್ಪು ಕೊಟ್ಟಿದೆ. ಒಕ್ಕೂಟದ 2004ರ 261ನೇ ನಿಯಮದ ಪ್ರಕಾರ ವಿಮಾನ ರದ್ದಾದರೆ ಪ್ರಯಾಣಿಕರಿಗೆ ಪರಿಹಾರ ಸಿಗುತ್ತದೆ, ಮತ್ತು ನ್ಯಾಯಾಲಯದ 2009ರ ತೀರ್ಪಿನ ನಂತರ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗಿ ತಲುಪಿದವರಿಗೂ ಸಿಗುತ್ತದೆ. ವಿಮಾನ ಸಂಸ್ಥೆಯ ಕೈಮೀರಿದ ಅಸಾಧಾರಣ ಸಂದರ್ಭಗಳಿಗೆ ಮಾತ್ರ ಇದರಿಂದ ವಿನಾಯಿತಿ ಇದೆ. ಹಾದಿ 1,500 ಕಿ.ಮೀ.ವರೆಗೆ ಇದ್ದರೆ 250 ಯೂರೋ. ಒಕ್ಕೂಟದ ಒಳಗೆ ಅದಕ್ಕಿಂತ ಹೆಚ್ಚಿದ್ದರೆ 400 ಯೂರೋ.

ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಿಂದ ಜರ್ಮನಿಯ ಕಲೋನ್–ಬಾನ್‌ಗೆ ಹೋದ ವಿಮಾನವೊಂದು ರನ್‌ವೇಯನ್ನು ಮುಟ್ಟಿದಾಗ 2 ಗಂಟೆ 58 ನಿಮಿಷ ತಡವಾಗಿತ್ತು. ತನ್ನ ನಿಲುಗಡೆಯ ಜಾಗಕ್ಕೆ ಬಂದಾಗ 3 ಗಂಟೆ 3 ನಿಮಿಷ ತಡವಾಗಿತ್ತು. ಬಾಗಿಲು ತೆರೆದದ್ದು ಅದಾದ ಸ್ವಲ್ಪ ಹೊತ್ತಿಗೆ. ಚಕ್ರ ನೆಲ ಮುಟ್ಟಿದ ಕ್ಷಣವನ್ನು ಹಿಡಿದರೆ ಪರಿಹಾರವಿಲ್ಲ, ನಿಂತ ಕ್ಷಣವನ್ನು ಹಿಡಿದರೆ ಇದೆ. 2014ರ ಸೆಪ್ಟೆಂಬರ್ 4ರಂದು ಕೊಟ್ಟ ತೀರ್ಪಿನಲ್ಲಿ ನ್ಯಾಯಾಲಯ, ಪ್ರಯಾಣಿಕರು ಹೊರಗೆ ಹೋಗಲು ಅನುಮತಿ ಇರುವಂತೆ ವಿಮಾನದ ಒಂದು ಬಾಗಿಲಾದರೂ ತೆರೆದ ಕ್ಷಣವೇ ತಲುಪಿದ ಕ್ಷಣ ಎಂದು ಹೇಳಿತು. ಅದಕ್ಕೆ ಕೊಟ್ಟ ಕಾರಣ ನನಗೆ ಬಹಳ ಒಪ್ಪಿಗೆಯಾಯಿತು: ಬಾಗಿಲು ತೆರೆಯುವವರೆಗೆ ಪ್ರಯಾಣಿಕನು ಮುಚ್ಚಿದ ಜಾಗದಲ್ಲಿ, ವಿಮಾನ ಸಂಸ್ಥೆಯ ಅಂಕೆಯಲ್ಲಿ ಇರುತ್ತಾನೆ, ತನ್ನ ಸ್ವಂತ ಕೆಲಸಗಳನ್ನು ಎಂದಿನಂತೆ ನಡೆಸಲು ಅವನಿಗೆ ಆಗುವುದಿಲ್ಲ. ಅವನ ಸಮಯ ಅವನ ಕೈಗೆ ಮರಳುವುದು ಬಾಗಿಲು ತೆರೆದಾಗಲೇ.

ದೂರದ ಪ್ರಶ್ನೆ ಬಂದದ್ದು ರೋಮ್‌ನಿಂದ ಬ್ರಸೆಲ್ಸ್ ಮೂಲಕ ಹ್ಯಾಂಬರ್ಗ್‌ಗೆ ಹೋದವರ ವಿಷಯದಲ್ಲಿ. ರೋಮ್–ಬ್ರಸೆಲ್ಸ್ 1,173 ಕಿ.ಮೀ., ಬ್ರಸೆಲ್ಸ್–ಹ್ಯಾಂಬರ್ಗ್ 483 ಕಿ.ಮೀ.; ಕೂಡಿದರೆ 1,656 ಕಿ.ಮೀ. ಆಗಿ 400 ಯೂರೋ ಸಿಗಬೇಕು. ರೋಮ್–ಹ್ಯಾಂಬರ್ಗ್ ನೇರವಾಗಿ ಅಳೆದರೆ 1,326 ಕಿ.ಮೀ.; ಆಗ 250 ಯೂರೋ. 2017ರ ಸೆಪ್ಟೆಂಬರ್ 7ರಂದು ನ್ಯಾಯಾಲಯ, ಪ್ರಯಾಣಿಕ ನಿಜವಾಗಿ ಎಷ್ಟು ದೂರ ಹಾರಿದನೆಂಬುದನ್ನು ಗಣಿಸದೆ, ಮೊದಲ ಸ್ಥಳದಿಂದ ಕೊನೆಯ ಸ್ಥಳಕ್ಕೆ ಮಹಾವೃತ್ತದ ಮೇಲಿನ ದೂರವನ್ನೇ ತೆಗೆದುಕೊಳ್ಳಬೇಕೆಂದು ತೀರ್ಮಾನಿಸಿತು. ತಡವಾಗಿ ತಲುಪಿದವನ ಅನನುಕೂಲ ನೇರವಾಗಿ ಹೋದರೂ ಸುತ್ತಿ ಹೋದರೂ ಒಂದೇ ಎಂಬ ತರ್ಕ ಅದರ ಹಿಂದಿದೆ. ಗಮನಿಸಬೇಕಾದ ಅಂಶವೆಂದರೆ, ನ್ಯಾಯಾಲಯ ಯಾವ ಅಳತೆಯನ್ನು ಆರಿಸಿಕೊಂಡಿತೆಂಬುದನ್ನು ಸ್ಪಷ್ಟವಾಗಿ ಹೇಳಿತು. ಪತ್ರಿಕೆಯಿಂದ ನಾನು ಕೇಳುವುದೂ ಅಷ್ಟನ್ನೇ.

ವಿಮಾನ ನಿಜವಾಗಿ ಹಾರುವ ಹಾದಿ ಮಹಾವೃತ್ತದ ಹಾದಿಗಿಂತ ಯಾವಾಗಲೂ ಸ್ವಲ್ಪವಾದರೂ ಉದ್ದ. ಏರುವಾಗ ರನ್‌ವೇಯ ದಿಕ್ಕಿನಲ್ಲಿ ಏರಿ ಆಮೇಲೆ ತಿರುಗಬೇಕು, ಇಳಿಯುವಾಗಲೂ ಹಾಗೆಯೇ. ನಡುವೆ ಸೇನೆಗಾಗಿ ಮೀಸಲಿಟ್ಟ ವಾಯುಪ್ರದೇಶಗಳನ್ನು ಹೊಗದೆ ಸುತ್ತಿಕೊಂಡು ಹೋಗಬೇಕು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಎತ್ತರದ ಗಾಳಿಯಿಂದಾಗಿ ಲಿಸ್ಬನ್ನಿನಿಂದ ಹೆಲ್ಸಿಂಕಿಗೆ ಹೋಗುವ ಅವಧಿಗಿಂತ ಹಿಂದಿರುಗುವ ಅವಧಿ ಸಾಮಾನ್ಯವಾಗಿ ಹೆಚ್ಚು. ನಿಮ್ಮ ಕೋಷ್ಟಕದಲ್ಲಿ ಎರಡಕ್ಕೂ ಒಂದೇ ಅಂಕಿ ಇದೆ.

ಇವೆಲ್ಲ ಸಣ್ಣ ವ್ಯತ್ಯಾಸಗಳು. ದೊಡ್ಡ ವ್ಯತ್ಯಾಸಕ್ಕೆ ಮಾಸ್ಕೋ–ಕಲಿನಿನ್‌ಗ್ರಾಡ್ ಸಾಲನ್ನು ನೋಡಬೇಕು. ಎರಡೂ ರಷ್ಯಾದ ನಗರಗಳೇ, ನಡುವಿನ ನೇರ ದೂರ ಸುಮಾರು 1,090 ಕಿ.ಮೀ. ಆದರೆ ಕಲಿನಿನ್‌ಗ್ರಾಡ್ ಪ್ರದೇಶ ಲಿಥುವೇನಿಯಾ ಮತ್ತು ಪೋಲೆಂಡ್‌ಗಳ ನಡುವೆ ರಷ್ಯಾದ ಉಳಿದ ಭಾಗದಿಂದ ಬೇರ್ಪಟ್ಟು ನಿಂತಿದೆ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಬೆನ್ನಲ್ಲೇ ಯುರೋಪಿಯನ್ ಒಕ್ಕೂಟ ತನ್ನ ವಾಯುಪ್ರದೇಶವನ್ನು ರಷ್ಯಾದ ವಿಮಾನಗಳಿಗೆ ಮುಚ್ಚಿತು. ಅಂದಿನಿಂದ ಈ ವಿಮಾನಗಳು ಉತ್ತರಕ್ಕೆ ಫಿನ್ಲೆಂಡ್ ಕೊಲ್ಲಿಯವರೆಗೆ ಹೋಗಿ, ಕಿರಿದಾದ ಅಂತರರಾಷ್ಟ್ರೀಯ ಜಲಪ್ರದೇಶದ ಮೇಲೆ ಸಾಗಿ, ಬಾಲ್ಟಿಕ್ ಸಮುದ್ರದ ಮೇಲಿಂದ ದಕ್ಷಿಣಕ್ಕೆ ಇಳಿದು ಬರುತ್ತಿವೆ. ಭೂಪಟದಲ್ಲಿ ದೂರ ಒಂದು ಕಿಲೋಮೀಟರೂ ಬದಲಾಗಿಲ್ಲ. ಪ್ರಯಾಣ ಸುಮಾರು ಒಂದು ಗಂಟೆ ಹೆಚ್ಚಾಗಿದೆ. ನಿಮ್ಮ ಸೂತ್ರ ಮಾತ್ರ ಈಗಲೂ 1 ಗಂಟೆ 52 ನಿಮಿಷ ಎನ್ನುತ್ತಿದೆ. ಉಕ್ರೇನಿನ ಮೇಲೆ 2022ರ ಫೆಬ್ರುವರಿ 24ರಿಂದ ನಾಗರಿಕ ವಿಮಾನಗಳ ಹಾರಾಟವೇ ನಿಂತಿರುವಾಗ, ಕೀವ್ ನಗರದ ಹೆಸರಿನ ಮುಂದೆಯೂ ವಿಮಾನ ಪ್ರಯಾಣದ ಅವಧಿಯನ್ನು ಮುದ್ರಿಸಿರುವುದನ್ನು ಕಂಡು ನನಗೆ ನಿಜವಾಗಿಯೂ ನೋವಾಯಿತು.

ದೂರಕ್ಕೂ ಸಮಯಕ್ಕೂ ಇರುವ ನಂಟು ಎಷ್ಟು ಸಡಿಲವೆಂಬುದನ್ನು ರೈಲು ಇನ್ನೂ ಚೆನ್ನಾಗಿ ತೋರಿಸುತ್ತದೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಿಂದ ಪ್ಯಾರಿಸ್ಸಿನ ಗಾರ್ ದ್ಯು ನಾರ್‌ಗೆ ಹಳಿಯ ಉದ್ದ 492 ಕಿ.ಮೀ.; ಅದರಲ್ಲಿ 50 ಕಿ.ಮೀ. ಇಂಗ್ಲಿಷ್ ಕಾಲುವೆಯ ಸುರಂಗ, ಅದರಲ್ಲೂ ಸುಮಾರು 38 ಕಿ.ಮೀ. ಸಮುದ್ರತಳದ ಅಡಿಯಲ್ಲಿ. 1994ರಲ್ಲಿ ಸುರಂಗ ತೆರೆದಾಗ ಬ್ರಿಟನ್ನಿನ ಕಡೆ ವೇಗದ ಹಳಿ ಇರಲಿಲ್ಲ. 2007ರ ನವೆಂಬರಿನಲ್ಲಿ ಅದು ಪೂರ್ತಿಯಾದ ಮೇಲೆ ಪ್ರಯಾಣ ಎರಡೂಕಾಲು ಗಂಟೆಗೆ ಇಳಿಯಿತು. ರೈಲು ವಿಮಾನಕ್ಕಿಂತ ಸುಮಾರು 140 ಕಿ.ಮೀ. ಹೆಚ್ಚು ದೂರ ಕ್ರಮಿಸುತ್ತದೆ, ಹಾರುವ ಸಮಯದ ಮೂರು ಪಟ್ಟು ತೆಗೆದುಕೊಳ್ಳುತ್ತದೆ. ಆದರೂ ನಗರದ ನಡುವಿನಿಂದ ನಗರದ ನಡುವಿಗೆ ಹೋಗುವವನು ರೈಲಿನಲ್ಲೇ ಬೇಗ ತಲುಪುವುದು ಹೆಚ್ಚು. ಎರಡೂ ದೇಶಗಳ ಪಾಸ್‌ಪೋರ್ಟ್ ತಪಾಸಣೆ ಹೊರಡುವ ನಿಲ್ದಾಣದಲ್ಲೇ ಮುಗಿಯುವುದರಿಂದ ಇಳಿದವನು ನೇರವಾಗಿ ಬೀದಿಗೆ ನಡೆಯಬಹುದು. ಮ್ಯಾಡ್ರಿಡ್–ಬಾರ್ಸಿಲೋನಾ ನಡುವೆ 621 ಕಿ.ಮೀ. ವೇಗದ ಹಳಿ 2008ರ ಫೆಬ್ರುವರಿಯಲ್ಲಿ ಪೂರ್ತಿಯಾಗಿ, ಎಲ್ಲೂ ನಿಲ್ಲದ ರೈಲು ಎರಡೂವರೆ ಗಂಟೆಯಲ್ಲಿ ತಲುಪುವಂತಾದಾಗ, ಅಲ್ಲಿಯವರೆಗೆ ವಿಮಾನದಲ್ಲೇ ಓಡಾಡುತ್ತಿದ್ದವರಲ್ಲಿ ಬಹುಪಾಲು ಜನ ರೈಲಿಗೆ ಹೊರಳಿದರು. ಫ್ರಾನ್ಸ್ ಇನ್ನೂ ಮುಂದೆ ಹೋಗಿ, ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಕೆಲವು ಒಳನಾಡಿನ ಹಾದಿಗಳಲ್ಲಿ ವಿಮಾನವನ್ನೇ ನಿಷೇಧಿಸಿತು. ಪ್ಯಾರಿಸ್ಸಿನ ಓರ್ಲಿ ನಿಲ್ದಾಣದಿಂದ ಬೋರ್ಡೋ, ನಾಂತ್, ಲಿಯಾನ್ ನಗರಗಳಿಗೆ ವಿಮಾನ ಹಾರುವಂತಿಲ್ಲ ಎಂಬ ಆದೇಶ 2023ರ ಮೇ ತಿಂಗಳಿನಲ್ಲಿ ಜಾರಿಗೆ ಬಂತು. ಅಲ್ಲಿಯ ಶಾಸನಕಾರರು ಅಳತೆಗೋಲಾಗಿ ತೆಗೆದುಕೊಂಡದ್ದು ಕಿಲೋಮೀಟರನ್ನಲ್ಲ, ಗಂಟೆಯನ್ನು.

ಇಂಥದ್ದೇ ಇನ್ನೊಂದು ಉದಾಹರಣೆ ಫಿನ್ಲೆಂಡಿನ ಹೆಲ್ಸಿಂಕಿ ಮತ್ತು ಎಸ್ಟೋನಿಯಾದ ಟ್ಯಾಲಿನ್. ಎರಡು ರಾಜಧಾನಿಗಳ ನಡುವೆ ಇರುವುದು ಸುಮಾರು 80 ಕಿ.ಮೀ. ಸಮುದ್ರ. ವಿಮಾನ ಅರ್ಧ ಗಂಟೆಯಲ್ಲಿ ದಾಟುತ್ತದೆ, ಹಡಗಿಗೆ ಎರಡು ಗಂಟೆ ಬೇಕು. ಆದರೂ ಜನ ಹಡಗನ್ನೇ ಹತ್ತುತ್ತಾರೆ, ಏಕೆಂದರೆ ಎರಡೂ ಬಂದರುಗಳು ಊರಿನ ಒಳಗೇ ಇವೆ. ನೆಲದ ಮೇಲೇ ಹೋಗುತ್ತೇನೆ ಎನ್ನುವವನು, 2023ರ ಕೊನೆಯಲ್ಲಿ ಫಿನ್ಲೆಂಡ್ ರಷ್ಯಾದೊಡನೆಯ ಗಡಿಯನ್ನು ಮುಚ್ಚುವವರೆಗೆ, ಕೊಲ್ಲಿಯನ್ನು ಸುತ್ತಿ, ಸೇಂಟ್ ಪೀಟರ್ಸ್‌ಬರ್ಗ್ ಮೂಲಕ ಏಳುನೂರು ಕಿ.ಮೀ.ಗೂ ಹೆಚ್ಚು ಹೋಗಬೇಕಿತ್ತು. ಈ ಎರಡು ನಗರಗಳ ನಡುವಿನ ದೂರ ಎಷ್ಟೆಂದು ಯಾರಾದರೂ ಕೇಳಿದರೆ ನಾನು ಮೊದಲು ‘ಯಾವುದರಲ್ಲಿ ಹೋಗುತ್ತೀರಿ?’ ಎಂದೇ ಕೇಳುತ್ತೇನೆ.

ಲಂಡನ್–ಪ್ಯಾರಿಸ್ ಹಾದಿಗೇ ಮರಳುವುದಾದರೆ, ಈ ಹಾದಿಯಲ್ಲಿ ದಿನನಿತ್ಯದ ವಿಮಾನ ಸೇವೆ ಆರಂಭವಾದದ್ದು 1919ರ ಆಗಸ್ಟ್ 25ರಂದು. ಇಂದಿನ ಹೀಥ್ರೂಗೆ ಸಮೀಪದಲ್ಲೇ ಇದ್ದ ಹೌನ್ಸ್ಲೋ ಹೀತ್ ಬಯಲಿನಿಂದ, ಯುದ್ಧವಿಮಾನವನ್ನು ಮಾರ್ಪಡಿಸಿ ಮಾಡಿದ ಒಂದೇ ಎಂಜಿನ್ನಿನ ವಿಮಾನ, ಒಬ್ಬ ಪತ್ರಕರ್ತನನ್ನೂ ಒಂದಿಷ್ಟು ಸರಕನ್ನೂ ಹೊತ್ತು ಎರಡೂವರೆ ಗಂಟೆಯಲ್ಲಿ ಪ್ಯಾರಿಸ್ಸಿನ ಲ ಬೂರ್ಜೆಗೆ ಇಳಿಯಿತು. ಆ ಸರಕಿನಲ್ಲಿ ಪತ್ರಿಕೆಗಳ ಕಟ್ಟೂ ಇತ್ತು. ಅಂದಿನಿಂದ ವಿಮಾನದ ವೇಗ ಐದು ಪಟ್ಟು ಬೆಳೆದಿದೆ. ಆದರೆ ಮನೆಯಿಂದ ಹೊರಟು, ಭದ್ರತಾ ತಪಾಸಣೆ ಮುಗಿಸಿ, ಹಾರಿ, ಇಳಿದು, ನಗರ ಸೇರುವವರೆಗೆ ಎಣಿಸಿದರೆ ಇಂದಿಗೂ ಮೂರೂವರೆ, ನಾಲ್ಕು ಗಂಟೆ ಹಿಡಿಯುತ್ತದೆ. ಉಳಿಸಿದ ಸಮಯವೆಲ್ಲ ನೆಲದ ಮೇಲೆ ಖರ್ಚಾಗುತ್ತಿದೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಮುಂದಿನ ಸಲ ಈ ಕೋಷ್ಟಕವನ್ನು ಪ್ರಕಟಿಸುವಾಗ ನಗರದ ಹೆಸರಿನ ಜೊತೆಗೆ ವಿಮಾನ ನಿಲ್ದಾಣದ ಹೆಸರನ್ನೂ ಕೊಡಿ. ಸೂತ್ರದಿಂದ ಲೆಕ್ಕ ಹಾಕಿದ ಅವಧಿಯನ್ನು ಬಿಟ್ಟು, ವಿಮಾನ ಸಂಸ್ಥೆಗಳ ವೇಳಾಪಟ್ಟಿಯಲ್ಲಿರುವ ಅವಧಿಯನ್ನು ಹೋಗುವುದಕ್ಕೂ ಬರುವುದಕ್ಕೂ ಬೇರೆಬೇರೆಯಾಗಿ ಮುದ್ರಿಸಿ. ನೇರ ವಿಮಾನವೇ ಇಲ್ಲದ ಕಡೆ ಆ ಜಾಗವನ್ನು ಖಾಲಿ ಬಿಡಿ. ಅಷ್ಟಕ್ಕೆಲ್ಲ ಜಾಗವಿಲ್ಲವೆಂದಾದರೆ ನಗರಗಳ ಸಂಖ್ಯೆಯನ್ನು ಕಡಿಮೆ ಮಾಡಿದರೂ ಅಡ್ಡಿಯಿಲ್ಲ. ಮೊದಲ ಸಾಲನ್ನು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಲಂಡನ್ (ಹೀಥ್ರೂ)–ಪ್ಯಾರಿಸ್ (ಶಾರ್ಲ್ ದ ಗಾಲ್): ನೇರ ದೂರ 348 ಕಿ.ಮೀ.; ಗೇಟಿನಿಂದ ಗೇಟಿಗೆ ಸುಮಾರು 1 ಗಂಟೆ 15 ನಿಮಿಷ; ಪ್ಯಾರಿಸ್ ಗಡಿಯಾರ ಒಂದು ಗಂಟೆ ಮುಂದು; ರೈಲಿನಲ್ಲಿ ನಗರದಿಂದ ನಗರಕ್ಕೆ ಸುಮಾರು 2 ಗಂಟೆ 15 ನಿಮಿಷ.’

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಗೋಳ ಅಧ್ಯಾಪಕ